ಓಣಿಯವರ ಅಪ್ಪಣೆ

ಹಳ್ಳದ ಮಠದ ಪೂಜ್ಯ ಶ್ರೀ ಸದ್ಬೋಧ ಸ್ವಾಮಿಗಳವರು ಗದ್ದಿಗೆಯ ಮೇಲೆ ಕುಳಿತು ದರ್ಶನ ಕೊಟ್ಟದ್ದಕ್ಕಿಂತ ಅಡುಗೆಮನೆಯ ಹಿಂದಿನ ಪಡಸಾಲೆಯಲ್ಲಿ ಕುಳಿತು ಕೊಟ್ಟದ್ದೇ ಹೆಚ್ಚು. ದಾಸೋಹಕ್ಕೆ ಬಂದ ಮೆಂತೆಪಲ್ಯದ ಸಿವುಡು ಬಿಚ್ಚಿ, ಮಣ್ಣು ಕೊಡವಿ, ಎಲೆ ಬಿಡಿಸುತ್ತಾ ಕುಳಿತಿರುತ್ತಿದ್ದರು. ಪರಸ್ಥಳದ ಭಕ್ತರು ಅವರನ್ನೇ "ಅಜ್ಜಾರು ಎಲ್ಲದಾರ್ರಿ?" ಎಂದು ಕೇಳಿ ಪೇಚಿಗೆ ಸಿಕ್ಕಿದ್ದುಂಟು. ಶ್ರೀಗಳು ನಕ್ಕು ಅವರ ಮುಂದೆಯೂ ಒಂದು ಸಿವುಡು ಸರಿಸಿಬಿಡುತ್ತಿದ್ದರು.

ಒಂದು ಬೆಳಿಗ್ಗೆ ಅಲ್ಲಿಗೆ ಅಡಿವೆಪ್ಪನೆಂಬ ತರುಣ ಬಂದ. ಊರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಓದುತ್ತಿದ್ದವನು. ತಲೆ ನುಣ್ಣಗೆ ಬೋಳಾಗಿತ್ತು. ಸಂನ್ಯಾಸಕ್ಕೆ ಮೊದಲು ಮುಂಡನ ಆಗಬೇಕೆಂದು ಎಲ್ಲಿಯೋ ಕೇಳಿ, ಬಸ್‌ಸ್ಟ್ಯಾಂಡಿನ ಸಲೂನಿನಲ್ಲಿ ಆ ಕೆಲಸ ಮುಗಿಸಿಕೊಂಡೇ ಬಂದಿದ್ದ. ಹೆಣ್ಣು ಗೊತ್ತಾಗುವ ಮೊದಲೇ ಬಾಸಿಂಗ ಕಟ್ಟಿಕೊಂಡು ಹೊರಟವನ ಹಾಗೆ! ಆದರೆ ಮುಖದಲ್ಲಿದ್ದ ದುಃಖ ನೋಡಿದರೆ ಯಾರಿಗೂ ನಗು ಬರುವಂತಿರಲಿಲ್ಲ.

"ನನಗ ಕಾವಿ ಕೊಡ್ರಿ ಅಜ್ಜಾರ," ಎಂದು ಪಾದದ ಮೇಲೆ ಬಿದ್ದ. "ಈ ಊರೂ ಸಾಕು, ಈ ಓದೂ ಸಾಕು."

ನಡೆದದ್ದು ಇಷ್ಟು. ಊರಿನ ಕೆಳಗಿನ ಓಣಿಯಲ್ಲಿ ಕುಡಿಯುವ ನೀರಿನ ಪೈಪು ಗಟಾರದೊಳಗೇ ಹಾದುಹೋಗಿತ್ತು. ಹಿಂದಿನ ಮಳೆಗಾಲದಲ್ಲಿ ಅಲ್ಲಿ ವಾಂತಿಭೇದಿ ಹರಡಿ, ದ್ಯಾಮವ್ವನೆಂಬ ಮುದುಕಿಯ ಪುಟ್ಟ ಮೊಮ್ಮಗಳು ತೀರಿಕೊಂಡಿದ್ದಳು. ಅದನ್ನು ಕಂಡು ತಡೆಯಲಾರದೆ ಅಡಿವೆಪ್ಪ ಗೆಳೆಯರನ್ನು ಕಟ್ಟಿಕೊಂಡು ಮನೆಮನೆಗೆ ಹೋದ. ನೀರು ಕಾಸಿ ಕುಡಿಯಲು ಕಲಿಸಿದ. ಪೈಪು ಬದಲಾಗುವ ತನಕ ಬಿಡುವುದಿಲ್ಲವೆಂದು ಮಾತು ಕೊಟ್ಟ. ಪುರಸಭೆಯ ಬಾಗಿಲಲ್ಲಿ ಗೆಳೆಯರೆಲ್ಲಾ ಧರಣಿ ಕೂತರು. ಪುರಸಭೆಯ ದೊಡ್ಡವರಿಗೆ ಸಿಟ್ಟು ಬಂತು. ಪೊಲೀಸರು ಹುಡುಗರನ್ನು ಠಾಣೆಗೆ ಒಯ್ದು ಸಂಜೆಗೆ ಬಿಟ್ಟರು. ಕಾಲೇಜಿನವರು ಅಡಿವೆಪ್ಪನನ್ನು ಆ ವರ್ಷದ ಮಟ್ಟಿಗೆ ಹೊರಗೆ ಹಾಕಿದರು. ಮಗುವಿನ ಸಾವು ಕಂಡು ದನಿ ಎತ್ತಿದ ಹುಡುಗನಿಗೆ ಈ ಶಿಕ್ಷೆ! ಬರೆಯುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಗೆಳೆಯರ ಮನೆಗಳಲ್ಲಿ ತಂದೆಯಂದಿರು ಗದರಿಸಿದರು, ಗೆಳೆಯರು ಒಬ್ಬೊಬ್ಬರಾಗಿ ಹಿಂದೆ ಸರಿದರು. ದಾರಿಯಲ್ಲಿ ಎದುರಾದರೆ ಮುಖ ತಿರುಗಿಸತೊಡಗಿದರು.

ಶ್ರೀಗಳವರು ಎಲ್ಲವನ್ನೂ ಕೇಳಿದರು.

"ಮನ್ಯಾಗ ಒಪ್ಯಾರೇನು?"

"ಅವ್ವ ಅತ್ತಳ್ರಿ. ಕಡೀಕ ಒಪ್ಪಿದಳು."

"ಕೆಳಗಿನ ಓಣಿಯವರು?"

ಅಡಿವೆಪ್ಪನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಶ್ರೀಗಳವರು ಎಲೆ ಬಿಡಿಸುತ್ತಲೇ ಅಪ್ಪಣೆ ಕೊಡಿಸಿದರು: "ಈ ಮಠದಾಗ ಒಂದು ಪದ್ಧತಿ ಐತಿ. ಕಾವಿ ಬೇಡಾಂವ ತಾನು ಮಾತು ಕೊಟ್ಟವರನ್ನೆಲ್ಲಾ ಕೇಳಿ ಬರಬೇಕು. ನೀ ಮನಿಮನಿಗೆ ಹೋಗಿ ಮಾತು ಕೊಟ್ಟೀದಿ. ಮನಿಮನಿಗೆ ಹೋಗಿ ಕೇಳಿಕೊಂಡು ಬಾ."

ಓಣಿಯವರು ತಡೆಯುತ್ತಾರೆ, ಬೈಯುತ್ತಾರೆ, ಕಾಲು ಹಿಡಿದು ಅಳಲೂಬಹುದು ಎಂದು ಅಡಿವೆಪ್ಪ ಎಣಿಸಿದ್ದ. ಸಂಸಾರವೆಲ್ಲಾ ನಶ್ವರ ಎಂದು ತಿಳಿಹೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ನಡೆದ. ಅದರಲ್ಲಿ ಒಂದೂ ಬೇಕಾಗಲಿಲ್ಲ. ಮೊದಲ ಮನೆಯವರು "ಹೋಗಿ ಬಾರಪ್ಪಾ" ಎಂದರು. ಎರಡನೆಯ ಮನೆಯವರು ಚಹಾ ಕೊಟ್ಟು, ಒಳ್ಳೆಯದಾಗಲಿ ಎಂದರು. ಮುಂದಿನ ಮನೆಗಳಲ್ಲೂ ಅದೇ. ಯಾಕೆ ಹೋಗುತ್ತೀ ಎಂದು ಕೇಳಿದವರೇ ಇಲ್ಲ.

ದ್ಯಾಮವ್ವ ನಲ್ಲಿಯ ಹತ್ತಿರ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದಳು. ಬೋಳುತಲೆ ಕಂಡು ಗಾಬರಿಯಾದಳು.

"ಯಾಕೋ ತಮ್ಮಾ? ಮನ್ಯಾಗ ಯಾರರ ಹ್ವಾದರೇನು?"

"ಇಲ್ಲಾಯೀ. ನಾನ ಹೊಂಟೀನಿ. ಸಂನ್ಯಾಸ ತಗೋತೀನಿ."

ಮುದುಕಿ ಕೊಡ ಕೆಳಗಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವನ ತಲೆಯ ಮೇಲಿಟ್ಟಳು. "ಹೋಗಿ ಬಾ ಯಪ್ಪಾ. ನಮಗೇನು, ಬಂದವರು ಹೋಗೂದು ರೂಢಿ ಐತಿ. ಇಲೆಕ್ಷನ್ನಿನವರು ಬಂದ್ರು, ಹ್ವಾದ್ರು. ಪೇಪರಿನವರು ಬಂದ್ರು, ಹ್ವಾದ್ರು. ನೀ ಇಷ್ಟು ದಿನ ಬಂದದ್ದ ದೊಡ್ಡದು." ಆ ಮಾತಿನಲ್ಲಿ ಸಿಟ್ಟಾಗಲಿ ಚುಚ್ಚುವಿಕೆಯಾಗಲಿ ಎಳ್ಳಷ್ಟೂ ಇರಲಿಲ್ಲ. ಆಮೇಲೆ ಕೊಡ ಒಳಗೊಯ್ದು ಒಲೆಯ ಮೇಲಿನ ಪಾತ್ರೆಗೆ ನೀರು ಬಗ್ಗಿಸುತ್ತಾ, "ನೀ ಹೇಳಿದಂಗ ಕಾಸಿನ ಕುಡೀತೀವಿ ನೋಡು," ಎಂದಳು. ಅಡಿವೆಪ್ಪನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮಧ್ಯಾಹ್ನ ಮಠಕ್ಕೆ ಬಂದವನು ತಲೆ ತಗ್ಗಿಸಿ ನಿಂತ. "ಎಲ್ಲಾರೂ ಅಪ್ಪಣಿ ಕೊಟ್ಟರ್ರಿ."

ಶ್ರೀಗಳವರು ಎದ್ದು ಒಳಗೆ ದಯಮಾಡಿಸಿ, ಮಡಿಸಿದ ಕಾವಿಬಟ್ಟೆಯನ್ನು ಸ್ವತಃ ತಂದು ಮುಂದೆ ಹಿಡಿದರು. "ತಗೋ."

ಅಡಿವೆಪ್ಪ ಕೈ ಚಾಚಲಿಲ್ಲ. ಕುಸಿದು ಕುಳಿತು ಗಳಗಳನೆ ಅತ್ತುಬಿಟ್ಟ. "ಬೈದಿದ್ರ ಬಿಟ್ಟು ಬರ್ತಿದ್ದೆ ಅಜ್ಜಾರ. ಒಬ್ಬರೂ ಬೈಲಿಲ್ಲ. ನಾನೂ ಹೋಗಾಂವನ ಅಂತ ಅವರಿಗೆ ಮೊದಲ ಗೊತ್ತಿತ್ತು."

ಶ್ರೀಗಳವರು ಅವನ ಪಕ್ಕದಲ್ಲೇ ನೆಲದ ಮೇಲೆ ಕುಳಿತರು. "ಹಂಗಾರ ಅವರ ಎಣಿಕಿ ಸುಳ್ಳು ಮಾಡು. ಅದ ನಿನ್ನ ತಪಸ್ಸು." ಆಮೇಲೆ, "ಓದೂದು ನಿಲ್ಲಸಬ್ಯಾಡ. ಕಾಲೇಜಿನ ಬಾಗಿಲ ಮುಚ್ಚಿದ್ರ ಮಠದ ಬಾಗಿಲ ತೆರದೈತಿ, ಇಲ್ಲಿ ಕೂತು ಓದು," ಎಂದರು. ಅಂದು ತಾವೇ ಮುಂದೆ ನಿಂತು ಅವನಿಗೆ ಪ್ರಸಾದ ಬಡಿಸಿದರೆಂದು ಹಳಬರು ಇಂದಿಗೂ ನೆನೆಯುತ್ತಾರೆ.

ಮರುವರ್ಷ ಅಡಿವೆಪ್ಪ ಪರೀಕ್ಷೆ ಬರೆದು ತೇರ್ಗಡೆಯಾದ. ಪೈಪು ಬದಲಾಗಲು ಇನ್ನೂ ಒಂದು ಮಳೆಗಾಲ ಹಿಡಿಯಿತು. ಅದೆಲ್ಲಾ ಆಮೇಲಿನ ಮಾತು. ಆ ಸಂಜೆ ಅವನು ಮಾಡಿದ್ದು ಇಷ್ಟೇ: ಮತ್ತೆ ಕೆಳಗಿನ ಓಣಿಗೆ ಹೋಗಿ, ತಾನು ಎಲ್ಲಿಗೂ ಹೋಗುವುದಿಲ್ಲವೆಂದೂ, ಸೋಮವಾರ ಪುರಸಭೆಯ ಮೀಟಿಂಗಿಗೆ ಒಬ್ಬನೇ ಆದರೂ ಹೋಗುವೆನೆಂದೂ ಮನೆಮನೆಗೆ ಹೇಳಿ ಬಂದ. ಜನ ಹೂಂಗುಟ್ಟಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ಸೋಮವಾರ ಪುರಸಭೆಯ ಬಾಗಿಲಲ್ಲಿ ಸಿಪಾಯಿ ಅವನನ್ನು ತಡೆದ. "ಮತ್ತ ಬಂದೆಲ್ಲಪಾ! ಕಾಲೇಜಿನಿಂದ ತಗದು ಹಾಕ್ಯಾರ. ದೋಸ್ತರೂ ಬರಲಿಲ್ಲ. ಇನ್ನ ಯಾರ ಪರವಾಗಿ ಬಂದೀ?"

ಅಷ್ಟರಲ್ಲಿ ಅಡಿವೆಪ್ಪನ ಹಿಂದಿನಿಂದ ಚಪ್ಪಲಿಗಳ ಸಪ್ಪಳ ಕೇಳಿಸಿತು. ತಿರುಗಿ ನೋಡಿದರೆ ಕೆಳಗಿನ ಓಣಿಯ ಹೆಂಗಸರು, ಗಂಡಸರು, ಕಂಕುಳದ ಕೂಸುಗಳು. ಎಲ್ಲರ ಹಿಂದೆ ಮೋರೆ ಕೆಳಗೆ ಹಾಕಿಕೊಂಡು ಅವನ ಇಬ್ಬರು ಗೆಳೆಯರು. ಮುಂದೆ ದ್ಯಾಮವ್ವ.

"ನಮ್ಮ ಪರವಾಗಿ ಬಂದಾನ," ಎಂದಳು ಮುದುಕಿ. "ದಾರಿ ಬಿಡು."