ಬರೀ ಕೂಗಿಗೆ ಏಳದ ಅಂಬಿಗ

"ಗುರುಗಳೇ, ಒಬ್ಬರು ಕರೆದಾಗ ಓಗೊಡದೆ ಕೂತಿರುವುದು ಅಹಂಕಾರವಲ್ಲವೇ?" ಎಂದು ಶಿಷ್ಯ ಸೋಮಲಿಂಗ ಕೇಳಿದ. ಅವನ ಮುಖ ಊದಿಕೊಂಡಿತ್ತು.

"ಯಾರ ಅಹಂಕಾರವೋ?" ಎಂದರು ಗುರುಗಳು.

"ನಿಮ್ಮದೇ. ಮೊನ್ನೆ ಅವ್ವನಿಗೆ ಜ್ವರ ನೆತ್ತಿಗೇರಿತ್ತು. ಮೊಬೈಲಿನಲ್ಲಿ ನಿಮಗೆ 'ನಮಸ್ಕಾರ' ಎಂದು ಬರೆದೆ. 'ಇದ್ದೀರಾ?' ಎಂದು ಬರೆದೆ. ಕೈಮುಗಿದ ಚಿತ್ರ ಕಳಿಸಿದೆ. ಕೊನೆಗೆ ಬರೀ ಪ್ರಶ್ನೆಚಿಹ್ನೆ ಹಾಕಿದೆ. ನೀವು ನೋಡಿದಿರಿ, ನೀಲಿ ಟಿಕ್ ಬಿತ್ತು. ಉತ್ತರ ಮಾತ್ರ ಇಲ್ಲ. ದೇವರು ದೊಡ್ಡವನು, ಸಂಜೆಗೆ ಪಂಡಿತರು ತಾವಾಗಿಯೇ ಮನೆಗೆ ಬಂದು ಮದ್ದು ಕೊಟ್ಟರು. ಅವ್ವ ಉಳಿದಳು."

"ಬೈದದ್ದು ಆಯಿತಲ್ಲ, ಈಗ ಕೇಳು" ಎಂದು ಗುರುಗಳು ಶುರುಮಾಡಿದರು.

ಒಂದು ಹೊಳೆ. ಈಚೆ ಊರು, ಆಚೆ ವೈದ್ಯನ ಮನೆ ಮತ್ತು ಅಂಬಿಗನ ಗುಡಿಸಲು. ಆ ಊರಿನವರಿಗೆ ಮರ್ಯಾದೆಯ ಹುಚ್ಚು ನೋಡು. ಮೊದಲು ಅಂಬಿಗನನ್ನು ಕೂಗಬೇಕು, ಅವನು ಓಗೊಟ್ಟ ಮೇಲೆ ವಿಷಯ ಹೇಳಬೇಕು. ಬಾಯಿ ತೆರೆದ ಕೂಡಲೇ ಕೆಲಸ ಹೇಳುವವನು ಒರಟ. ಗಾಳಿ ಊರ ಕಡೆಯಿಂದ ಬೀಸುತ್ತಿತ್ತು. ಅವರ ಕೂಗು ಅವನಿಗೆ ಕೇಳುತ್ತಿತ್ತು, ಅವನ ಓ ಅವರಿಗೆ ಮುಟ್ಟುತ್ತಿರಲಿಲ್ಲ. ಪಾಪ, ಪ್ರತಿ ಕೂಗಿಗೂ ಅವನು ನಡುಹೊಳೆಯವರೆಗೆ ಹುಟ್ಟು ಹಾಕಿ ಬಂದು ಏನೆಂದು ಕೇಳಬೇಕು. ಏನಿಲ್ಲಪ್ಪ, ಊಟ ಆಯಿತಾ ಅಂತ ಕೇಳೋಣ ಅಂತ ಕೂಗಿದೆ, ಎನ್ನುತ್ತಿದ್ದರು.

ಒಂದು ದಿನ ದೋಣಿ ಹತ್ತುವ ಮೇಲಿನ ಕಡವಿನಲ್ಲಿ ಯಾರೋ ಹೀಗೆ ಸುಮ್ಮನೆ ಕೂಗಿದರು, ಅವನು ಅಲ್ಲಿಗೆ ಹೋದ. ಆ ಹೊತ್ತಿಗೆ ಕೆಳಗಿನ ಕಡವಿನಲ್ಲಿ ಬಸುರಿಯೊಬ್ಬಳು ನೋವು ತಿನ್ನುತ್ತಾ ದೋಣಿಗೆ ಕಾದಿದ್ದಳು. ಅವನು ಬಂದು ಮುಟ್ಟುವಷ್ಟರಲ್ಲಿ ಕೂಸು ಹೋಗಿತ್ತು.

ಮರುದಿನ ಅಂಬಿಗ ಊರ ನಡುವೆ ನಿಂತು ಹೇಳಿದ. ಮೊದಲ ಕೂಗಿನಲ್ಲೇ ವಿಷಯ ಹೇಳಿ, ಹಾರಿ ಬರುತ್ತೇನೆ. ಬರೀ ಕೂಗಿಗೆ ಇನ್ನು ಏಳುವುದಿಲ್ಲ. ಊರು ನಕ್ಕಿತು. ಹುಟ್ಟು ಹಾಕುವವನಿಗೆ ಇಷ್ಟು ಕೊಬ್ಬೇ ಎಂದಿತು.

ಕೆಲವು ದಿನ ಕಳೆದು ಊರ ಯಜಮಾನನ ಮಗನಿಗೆ ಹೋರಿ ತಿವಿಯಿತು. ರಕ್ತ ನಿಲ್ಲಲೊಲ್ಲದು. ಮಗನನ್ನು ಹೊತ್ತು ತಂದು ಕಡವಿನಲ್ಲಿ ಮಲಗಿಸಿ ಯಜಮಾನ "ಅಂಬಿಗಾ!" ಎಂದು ಕೂಗಿ ನಿಂತ. ಅಂಬಿಗ ತಲೆ ಎತ್ತಿ ನೋಡಿ ಮತ್ತೆ ಹಗ್ಗ ಹೊಸೆಯತೊಡಗಿದ. ಯಜಮಾನ ಮತ್ತೆ ಕೂಗಿದ, ಮತ್ತೆ ನಿಂತ. ಅಯ್ಯೋ ಮಂಕೇ, ಮಗ ಸಾಯುತ್ತಿದ್ದಾನೆ, ಇವನಿಗೆ ಓ ಬೇಕು! ಹೆಂಡತಿ ಅವನನ್ನು ಪಕ್ಕಕ್ಕೆ ನೂಕಿ ಚೀರಿದಳು: "ಮಗನಿಗೆ ಹೋರಿ ತಿವಿದಿದೆ, ರಕ್ತ ಹೋಗ್ತಿದೆ, ದೋಣಿ ತಾರೋ ಅಣ್ಣಾ!" ಅವಳ ಮಾತು ಮುಗಿಯುವ ಮೊದಲೇ ದೋಣಿ ನೀರಿಗೆ ಬಿದ್ದಿತ್ತು. ಹುಡುಗ ಬದುಕಿದ.

ಮಗ ಎದ್ದು ಓಡಾಡುವಂತಾದ ಮೇಲೆ ಯಜಮಾನ ಪಂಚಾಯಿತಿ ಸೇರಿಸಿದ. "ನಾನು ಕರೆದರೂ ನೀನು ಏಳಲಿಲ್ಲ. ತಪ್ಪಾಯಿತು ಅನ್ನು, ಇಲ್ಲವೇ ಹುಟ್ಟು ಇಟ್ಟು ಈ ಹೊಳೆ ಬಿಡು."

ಅಂಬಿಗ ಹುಟ್ಟನ್ನು ಅವನ ಕಾಲ ಬಳಿ ಇಟ್ಟ. "ನಿಮ್ಮ ಕೂಗು ಕೇಳಿತ್ತು ಯಜಮಾನರೇ. ಅದರಲ್ಲಿ ನೀವಿದ್ದಿರಿ, ಮಗ ಇರಲಿಲ್ಲ. ಹೊಳೆ ಬಿಟ್ಟೇನು, ತಪ್ಪಾಯಿತು ಅನ್ನಲಾರೆ."

ಯಜಮಾನನ ಹೆಂಡತಿ ಎದ್ದು ಬಂದು ಹುಟ್ಟನ್ನು ಎತ್ತಿ ಅಂಬಿಗನ ಕೈಗೆ ಕೊಟ್ಟಳು.

ಗುರುಗಳು ಕತೆ ನಿಲ್ಲಿಸಿದರು. ಸೋಮಲಿಂಗ ಬಗ್ಗಲಿಲ್ಲ. "ಕತೆಯೇನೋ ಸರಿ ಗುರುಗಳೇ. ಅಂದು ಪಂಡಿತರು ತಾವಾಗಿಯೇ ಬಾರದಿದ್ದರೆ ನನ್ನ ಅವ್ವನ ಗತಿ ಏನಾಗುತ್ತಿತ್ತು, ಅದನ್ನು ಹೇಳಿ."

"ಅವರು ತಾವಾಗಿ ಬರಲಿಲ್ಲವೋ, ನಾನು ಕಳಿಸಿದೆ. 'ಅವ್ವನಿಗೆ ಜ್ವರ ಜಾಸ್ತಿ, ಪಂಡಿತರನ್ನು ಕಳಿಸಿ' ಎಂದು ನಿನ್ನ ತಂಗಿ ನನಗೆ ಒಂದು ಸಾಲು ಬರೆದಿದ್ದಳು."