ತಿಪ್ಪೆಗೆ ಬಂದ ನೀರಿನ ಯಂತ್ರ

ಹೊಳೆಯಲ್ಲಿ ಮುಳುಗಿ ಜನರ ಒಡವೆ ಹುಡುಕಿಕೊಡುವ ಬೆಸ್ತರ ಕಾಳಯ್ಯನ ಹತ್ತಿರ ಲೋಹ ಹುಡುಕುವ ಯಂತ್ರ ಒಂದಿತ್ತು. ಅದು ನೀರೊಳಗಿನ ಕೆಲಸದ್ದು. ಒಂದು ದಿನ ಅದನ್ನು ಮನೆ ಹಿಂದಿನ ಒಣ ತಿಪ್ಪೆಗೆ ತಂದ. ಅವನ ಹೆಂಡತಿ ಒಲೆಯ ಬೂದಿ ಸುರಿಯುವಾಗ ಅವಳ ಒಂದು ಕಾಲುಂಗುರ ಅಲ್ಲಿ ಜಾರಿತ್ತು. ಸಾಯುವ ತನಕ ಅದನ್ನೇ ಕೇಳುತ್ತಿದ್ದಳು.

ಒಣ ನೆಲದಲ್ಲಿ ಲೋಹ ಹುಡುಕುವ ಇನ್ನೊಂದು ಯಂತ್ರವನ್ನು ಅವನು ಮೊದಲೇ ತಂದಿದ್ದ. ಬೆಳಗಿನಿಂದ ಹುಡುಕಿ ಸೋತ ಆ ನೆಲದ ಯಂತ್ರ ಗೋಡೆಗೆ ಒರಗಿತ್ತು.

"ಏನಯ್ಯಾ ಮೀನಣ್ಣ, ಹೊಳೆ ಆ ಕಡೆ ಐತೆ" ಎಂದಿತು.

"ಕರೆದರು, ಬಂದೆ" ಎಂದಿತು ನೀರಿನ ಯಂತ್ರ.

ಅದು ಕೂಗಿತು. ಕಾಳಯ್ಯ ಅಗೆದ. ಮೊಳೆ ಸಿಕ್ಕಿತು. ಮತ್ತೆ ಕೂಗಿತು. ಎತ್ತಿನ ಲಾಳ ಸಿಕ್ಕಿತು.

ನೆಲದ ಯಂತ್ರ ನಕ್ಕಿತು. "ಕಬ್ಬಿಣ ಅಂದರೆ ನಾನು ಬಾಯೇ ಬಿಡೋದಿಲ್ಲ. ನಿನಗೆ ಕಬ್ಬಿಣ, ಬೆಳ್ಳಿ ಎರಡೂ ಒಂದೇನಾ?"

"ಒಂದೇ. ಹೊಳೆಯ ತಳದಲ್ಲಿ ಕಣ್ಣು ಕಾಣದು. ಸಿಕ್ಕಿದ್ದನ್ನೆಲ್ಲ ಎತ್ತಿ ನೋಡುವುದು ನಮ್ಮ ಪದ್ಧತಿ."

ಅದು ಕೂಗುತ್ತಲೇ ಹೋಯಿತು. ಕಾಳಯ್ಯ ಒಂದನ್ನೂ ಬಿಡದೆ ಅಗೆದ. ಹೊತ್ತು ಇಳಿಯುವಾಗ ತುಕ್ಕು ಹಿಡಿದ ಸೌಟೊಂದು ಮೇಲೆ ಬಂತು. ಅದರ ಗುಳಿಯಲ್ಲಿ ಮಣ್ಣು ಗಟ್ಟಿಯಾಗಿತ್ತು. ಮಣ್ಣೊಳಗೆ ಕಾಲುಂಗುರ ಇತ್ತು.

ನೆಲದ ಯಂತ್ರ ಹೇಳಿತು: "ಆ ಜಾಗಕ್ಕೆ ನಾನು ಎರಡು ಸಲ ಹೋಗಿದ್ದೆ. ಕಬ್ಬಿಣ ಅಂತ ಸುಮ್ಮನೆ ದಾಟಿದೆ. ನೀನು ದೊಡ್ಡವನು ಕಣಣ್ಣ."

ಕಾಳಯ್ಯ ಉಂಗುರ ತೊಳೆದು ಅದರ ಜೋಡಿಯ ಪಕ್ಕ ಇಟ್ಟ. ಆಮೇಲೆ ಸೌಟನ್ನೂ ಎತ್ತಿಕೊಂಡು, ಬೂದಿ ಹಾಕಿ ನಿಧಾನವಾಗಿ ತಿಕ್ಕಿದ. ಅದೂ ಅವಳದೇ.