ಮೋಡದೊಳಗಿನ ಛತ್ರ

ಶಾಲ್ಮಲಿ ಗುರುಗಳನ್ನು ಕೇಳಿದಳು: “ಗುರುಗಳೇ, ರಕ್ತನಿಧಿಯ ತಂತ್ರಾಂಶವನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ಕಂಟೇನರೆಂಬ ಒಂದೇ ಗಂಟಿಗೆ ತುಂಬಿ, ದೂರದ ಕಂಪ್ಯೂಟರುಗಳ ಕ್ಲೌಡಿಗೆ ಏರಿಸಿದ್ದೇನೆ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿ ನಡೆಯುತ್ತದೆ. ಅಲ್ಲಿ ಮಾತ್ರ ಪೂರ್ತಿ ಏಳುವ ಮೊದಲೇ ಬೀಳುತ್ತದೆ. ಬಿದ್ದ ಹಾಗೆಲ್ಲ ಹೊಸದನ್ನು ಏರಿಸುತ್ತಿದ್ದೇನೆ. ರಕ್ತ ಬೇಕಾದವರು ಕಾದು ಕುಳಿತಿದ್ದಾರೆ. ನನಗೆ ದಿಕ್ಕೇ ತೋಚುತ್ತಿಲ್ಲ.”

ಗುರುಗಳು ಕಣ್ಣು ಮುಚ್ಚಿ ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ದಾರಿಹೋಕರು ಹಸಿದು ಹೋಗಬಾರದೆಂದು ಅವನ ಹೆಂಡತಿ ಸಾಯುವಾಗ ಅವನಿಂದ ಮಾತು ತೆಗೆದುಕೊಂಡಿದ್ದಳು. ಅದಕ್ಕೇ ಅವನು ಎತ್ತರದ ಬೆಟ್ಟದ ಮೇಲೆ, ಸದಾ ಮೋಡ ಕವಿದ ದಾರಿಯಲ್ಲಿ, ಒಂದು ಛತ್ರ ಕಟ್ಟಿಸಿದ. ಅಡುಗೆಯವರನ್ನು ಕೆಳಗೆ ಊರಿನಲ್ಲೇ ಪರೀಕ್ಷಿಸಿ ಆರಿಸಿದ. ಊರಿನಲ್ಲಿ ಒಂದು ಊದುಬತ್ತಿ ಉರಿದು ಮುಗಿಯುವಷ್ಟರಲ್ಲಿ ಅನ್ನ ಆಗುತ್ತಿತ್ತು. ಛತ್ರದ ಕಾವಲುಗಾರನಿಗೂ ಅದೇ ಅಳತೆ ಕೊಟ್ಟ: ಊದುಬತ್ತಿ ಮುಗಿದರೂ ಅನ್ನ ಆಗದಿದ್ದರೆ ಪಾತ್ರೆ ಬರಿದು ಮಾಡು, ಅಡುಗೆಯವನನ್ನು ಕಳುಹಿಸಿಬಿಡು, ಹೊಸಬನನ್ನು ಕೂರಿಸು.

ಮೊದಲನೆಯವನು ಹೋದ. ಎರಡನೆಯವನೂ ಹೋದ. ಆಮೇಲೆ ಬಂದವರೆಲ್ಲ ಒಬ್ಬರ ಹಿಂದೊಬ್ಬರು ಮೋಡದಲ್ಲಿ ಕರಗಿ ಊರಿಗೆ ಇಳಿದರು. ವರ್ತಕ ಕೆಳಗಿನಿಂದ ಹೊಸಬರನ್ನು ಹತ್ತಿಸುತ್ತಲೇ ಇದ್ದ. ಪಂಕ್ತಿಯಲ್ಲಿ ಕುಳಿತವರು ಖಾಲಿ ಎಲೆ ಬಿಟ್ಟು ಏಳುತ್ತಲೇ ಇದ್ದರು. ಸುದ್ದಿ ವರ್ತಕನ ಕಿವಿಗೆ ಬಿತ್ತು. ಕೈಲಾಗದವರೇ ತನಗೆ ಗಂಟುಬಿದ್ದರೆಂದು ಗೊಣಗುತ್ತ, ತಾನೇ ಬೆಟ್ಟ ಹತ್ತಿ ಒಲೆಯ ಮುಂದೆ ಕುಳಿತ.

ನೀರು ಕುದಿಯಿತು, ಅಕ್ಕಿ ಮಾತ್ರ ಬೇಯಲೊಲ್ಲದು. ಅಷ್ಟು ಎತ್ತರದಲ್ಲಿ ಅದು ಬೇಯುವುದೇ ನಿಧಾನ. ಮೋಡ ಅಡುಗೆಮನೆಯೊಳಕ್ಕೂ ತೇಲಿ ಬಂದು, ಅವನ ಕೈ ಅವನಿಗೇ ಕಾಣದಂತಾಯಿತು. ಊದುಬತ್ತಿ ಮುಗಿಯಿತು; ಬಾಗಿಲ ಕಡೆಯಿಂದ ಕಾವಲುಗಾರನ ದನಿ ಬಂತು.

“ಅನ್ನ ಆಯಿತೇ?”

“ಇನ್ನು ಸ್ವಲ್ಪ ಹೊತ್ತು, ಮಾರಾಯ.”

“ಹಾಗಾದರೆ ನೀವು ಹೊರಡಿ. ಧಣಿಗಳ ಅಪ್ಪಣೆ.”

ಅರೆಬೆಂದ ಅನ್ನ ಹೊರಗೆ ಚೆಲ್ಲಿಹೋಯಿತು. ತನ್ನದೇ ಅಪ್ಪಣೆಗೆ ಎದುರು ಹೇಳಲಾಗದೆ ವರ್ತಕ ತನ್ನದೇ ಛತ್ರದಿಂದ ಹೊರಬಿದ್ದು ಮೋಡದಲ್ಲಿ ತಡವರಿಸುತ್ತ ಇಳಿದ. ತಿರುವಿನಲ್ಲಿ ಎಲ್ಲೋ ಹಸಿದ ಮಗುವೊಂದು ಅಳುತ್ತಿತ್ತು. ಅವನು ಅಲ್ಲೇ ಕುಸಿದು ಕುಳಿತು ತಾನೂ ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಶಾಲ್ಮಲಿಗೆ ತಡೆಯಲಾಗಲಿಲ್ಲ. “ಕಾವಲುಗಾರನಿಗೆ ಇನ್ನಷ್ಟು ಹೊತ್ತು ಕಾಯಲು ಹೇಳಿದ್ದರೆ ಆಗುತ್ತಿತ್ತಲ್ಲ, ಗುರುಗಳೇ? ಇಷ್ಟು ಸಣ್ಣ ವಿಷಯ ಅವನಿಗೆ ಮೊದಲೇ ಏಕೆ ತಿಳಿಯಲಿಲ್ಲ?”

ಗುರುಗಳು ಹೇಳಿದರು: “ಇಳಿದು ಬಂದವರಲ್ಲಿ ಒಬ್ಬನನ್ನೂ ಅವನು ಏನಾಯಿತೆಂದು ಕೇಳಲಿಲ್ಲ; ಬಿದ್ದ ಕಂಟೇನರುಗಳಲ್ಲಿ ಒಂದನ್ನಾದರೂ, ಅದು ಬರೆದಿಟ್ಟ ದಾಖಲೆ ತೆರೆದು, ನೀನು ಕೇಳಿದ್ದೀಯಾ, ಮಗು?”